ಬಿಸಿಲೂರಿನ ಸಲಾದದ ಮಡಿ

ಬೇಸಿಗೆಯಲ್ಲಿ ಸಲಾದ ಬೆಳೆಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ನನ್ನ ಬಲಹೆಗಲು ತೋರಿಸುತ್ತೇನೆ. ಕಾವಡಿಯ ಬಿದಿರು ಕೂತು ಕೂತು ಅದು ಎಡಹೆಗಲಿಗಿಂತ ಒಂದು ಬೆರಳು ಕೆಳಗಿಳಿದಿದೆ. ಮೊದಲೆಲ್ಲ ಮಂದಿಯನ್ನು ಅಣಕಿಸಬೇಕಾದರೆ ಮೈ ಸೊಟ್ಟ ಮಾಡಬೇಕಾಗುತ್ತಿತ್ತು. ಈಗ ಸುಮ್ಮನೆ ನಿಂತರೂ, ಇವನು ಯಾರನ್ನೋ ಅಣಕಿಸುತ್ತಿದ್ದಾನೆ ಎಂದು ಜನ ಅನುಮಾನದಿಂದ ನೋಡುತ್ತಾರೆ.

ಎರಡನೆಯ ಮಹಾಯುದ್ಧದ ಕಾಲ. ಅಪ್ಪ ರಾಯಚೂರಿನ ಹೊರಗಿನ ಒಂದು ಸರಕಾರಿ ಬಂಗಲೆಯಲ್ಲಿ ಮಾಲಿಯಾಗಿದ್ದ. ಹದಿನಾಲ್ಕು ವರ್ಷದ ಚಾಕರಿ. ಬಾವಿಯ ಪಕ್ಕದ ಖೋಲಿಯೇ ನಮಗೆ ಮನೆ. ನನಗಾಗ ಹತ್ತೊಂಬತ್ತು. ಮುಂಜಾನೆ ಮತ್ತು ಸಂಜೆ ಕಾವಡಿಗೆ ಎರಡು ಗ್ಯಾಸಿನೆಣ್ಣೆ ಡಬ್ಬಿ ತೂಗುಹಾಕಿ ಮಡಿಗಳಿಗೆ ನೀರು ಹೊರುವುದು, ನಡುಹಗಲು ಬಂಗಲೆಯ ಬಾಗಿಲುಗಳಿಗೆ ಕಟ್ಟಿದ ಲಾವಂಚದ ಬೇರಿನ ತಟ್ಟಿಗಳಿಗೆ ನೀರು ಚಿಮುಕಿಸುವುದು, ಇದು ನನ್ನ ಕೆಲಸ. ತಟ್ಟಿಯ ಆಚೆ ಸಾಹೇಬರು ತಂಪಾಗಿ ಕೂತಿರುತ್ತಿದ್ದರು, ಈಚೆ ನಾನು ಬೇಯುತ್ತಿದ್ದೆ. ಒಂದೇ ನೀರು, ಒಂದೇ ಬಾಗಿಲು. ಆದರೂ ತಂಪು ಒಂದೇ ಕಡೆಗೆ ಹೋಗುತ್ತಿತ್ತು.

ಸಾಹೇಬರು ಕೆರೆ, ರಸ್ತೆಗಳ ಇಂಜಿನಿಯರ್. ವಿಲಾಯತಿಯಲ್ಲಿ ಓದಿ ಬಂದವರು. ಅಲ್ಲಿಂದ ಎರಡು ಚಟ ತಂದಿದ್ದರು: ಒಂದು, ಊಟಕ್ಕೆ ಮೊದಲು ಗಂಟಲು ಸರಿಮಾಡಿಕೊಳ್ಳುವುದು, ಇನ್ನೊಂದು, ಊಟದ ಜೊತೆಗೆ ಹಸಿ ಸಲಾದದ ಎಲೆ ತಿನ್ನುವುದು. ಕೋಸಿನ ಹೊರಗಿನ ಎಲೆಯಂತೆ ಅಗಲ, ಆದರೆ ತೆಳು, ಬೆರಳಲ್ಲಿ ಹಿಡಿದರೆ ನೀರು ಹಿಡಿದಂತೆ. ಚಳಿಗಾಲದಲ್ಲಿ ಅದು ನಮ್ಮ ಮಣ್ಣಿನಲ್ಲೂ ಚೆನ್ನಾಗಿ ಬರುತ್ತದೆ. ಬಿಸಿಲು ಏರಿತೋ, ಗಿಡದ ನಡುವಿನಿಂದ ಒಂದು ದಂಟು ಸರ್ರನೆ ಮೇಲೇಳುತ್ತದೆ. ಅದು ಎದ್ದರೆ ಮುಗಿಯಿತು: ಎಲೆಯಲ್ಲಿ ಹಾಲು ತುಂಬಿ ಕಹಿಯಾಗುತ್ತದೆ, ಒಂದು ವಾರದಲ್ಲಿ ಹಳದಿ ಹೂವು ಬಿಟ್ಟು ನಮ್ಮ ಕಡೆ ನೋಡಿ ನಗುತ್ತದೆ.

ಯುದ್ಧಕ್ಕೆ ಮೊದಲು ಬೀಜ ವಿಲಾಯತಿಯಿಂದ ಪೊಟ್ಟಣದಲ್ಲಿ ಬರುತ್ತಿತ್ತು. ಯುದ್ಧ ಶುರುವಾದ ಮೇಲೆ ಅದು ನಿಂತಿತು. ಕೊನೆಯ ಪೊಟ್ಟಣದ ಗಿಡಗಳಿಂದ ಅಪ್ಪ ತಾನೇ ಬೀಜ ಹಿಡಿಯತೊಡಗಿದ. ಐದು ವರ್ಷದಿಂದ ಬಂಗಲೆಯ ಸಲಾದವೆಲ್ಲ ಅಪ್ಪನ ಬೀಜದ್ದೇ. ಸಣ್ಣ ಮಣ್ಣಿನ ಕುಡಿಕೆಯಲ್ಲಿ ಬೂದಿ ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ, ಖೋಲಿಯ ಗೂಡಿನಲ್ಲಿ ದೇವರ ಪಕ್ಕ ಇಟ್ಟಿರುತ್ತಿದ್ದ. ದೇವರಿಗೆ ಧೂಪ ಮರೆತ ದಿನವುಂಟು. ಕುಡಿಕೆಯ ಬಟ್ಟೆ ಬಿಗಿಯಾಗಿದೆಯೇ ಎಂದು ನೋಡುವುದನ್ನು ಮರೆತ ದಿನವಿಲ್ಲ.

ಬೀಜ ಹಿಡಿಯಲು ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ಪದ್ಧತಿ. ಹೀರೆಯಾಗಲಿ ಬದನೆಯಾಗಲಿ, ಮಡಿಯಲ್ಲಿ ಎಲ್ಲಕ್ಕಿಂತ ಮೊದಲು ಹೂಬಿಟ್ಟ ಗಿಡಕ್ಕೆ ಅವ್ವ ತನ್ನ ಹಳೆ ಸೀರೆಯ ಕೆಂಪು ಚೂರೊಂದನ್ನು ಕಟ್ಟುತ್ತಾಳೆ. ಅದಕ್ಕೆ ಬೀಜದ ಅರಿವೆ ಎನ್ನುತ್ತೇವೆ. ಅರಿವೆ ಕಟ್ಟಿದ ಗಿಡವನ್ನು ಯಾರೂ ಮುಟ್ಟುವಂತಿಲ್ಲ, ಅದು ಮುಂದಿನ ವರ್ಷದ್ದು. ಮೊದಲು ಬಂದ ಗಿಡಕ್ಕೆ ಕಸುವು ಹೆಚ್ಚು ಎಂಬುದು ಅಜ್ಜನ ತಿಳಿವಳಿಕೆ. ಅಪ್ಪ ಸಲಾದಕ್ಕೂ ಅದೇ ಮರ್ಯಾದೆ ಕೊಟ್ಟ. ವಿಲಾಯತಿ ಗಿಡವೆಂದು ಭೇದ ಮಾಡಲಿಲ್ಲ.

ಆದರೆ ವರ್ಷ ವರ್ಷ ಸಲಾದ ಬೇಗ ಬೇಗ ಏಳತೊಡಗಿತು. ಮೊದಲ ವರ್ಷ ಹೋಳಿಯ ತನಕ ನಿಂತದ್ದು, ನಾಲ್ಕನೆಯ ವರ್ಷ ಶಿವರಾತ್ರಿಗೆ ಎದ್ದಿತು, ಐದನೆಯ ವರ್ಷ ಸಂಕ್ರಾಂತಿ ಆದ ಮೇಲೆ ಹದಿನೈದು ದಿನವೂ ಕಾಯಲಿಲ್ಲ. ಅಪ್ಪ ಬಿಸಿಲನ್ನು ಬೈದ. ಬಿಸಿಲನ್ನು ಬೈದರೆ ಯಾರೂ ಬೇಡ ಎನ್ನುವುದಿಲ್ಲ. ರಾಯಚೂರಿನಲ್ಲಿ ಅದಕ್ಕೆ ಎಲ್ಲರೂ ಜೊತೆಗೂಡುತ್ತಾರೆ.

ಹೋಳಿ ಮುಗಿದು ನಾಲ್ಕನೆಯ ದಿನ ಬಾವರ್ಚಿ, ಅಂದರೆ ಬಂಗಲೆಯ ಅಡುಗೆಯವನು, ಹಿತ್ತಲ ಕಟ್ಟೆಗೆ ಬಂದು ಕೂತ. ಹೈದರಾಬಾದಿನ ಮುದುಕ, ನಮ್ಮ ಮಾತನ್ನು ತನ್ನ ಮಾತಿನಲ್ಲಿ ಅದ್ದಿ ಆಡುತ್ತಿದ್ದ.

“ಸಾಬರು ಇವತ್ ಭೀ ತಾಟ್ ವಾಪಸ್ ಕಳ್ಸಿದ್ರು. ಇದು ಸಲಾದ್ ನೈ, ದವಾ ಅಂದ್ರು.”

“ಹ್ಯಾಂಗ ಅಂದ್ರು ಚಾಚಾ?” ಎಂದೆ.

“ಹಂಗೇ ಅಂದ್ರು.”

“ಹಂಗ ಅಲ್ಲ, ಹಿಂಗ ಅಂದಿರ್ತಾರ ನೋಡು.” ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟು ನಾನು ಸಾಹೇಬನಾದೆ. ಗಂಟಲು ಸರಿಮಾಡಿಕೊಂಡೆ. ಇಲ್ಲದ ಎಲೆಯನ್ನು ಬಾಯಿಗಿಟ್ಟುಕೊಂಡು ಎರಡು ಸಲ ಜಗಿದೆ. ಮೂರನೆಯ ಸಲಕ್ಕೆ ದವಡೆ ನಿಂತಿತು, ಇಲ್ಲದ ಮೀಸೆ ಮೂಗಿನ ಕಡೆಗೆ ಏರಿತು, ಕಣ್ಣು ಮೇಲ್ಚಾವಣಿ ನೋಡಿತು. ವಿಲಾಯತಿಯಲ್ಲಿ ಉಗುಳುವುದನ್ನು ಕಲಿಸಿಲ್ಲವಾದ್ದರಿಂದ ನುಂಗಬೇಕಾಯಿತು. ನುಂಗಿದೆ. ನೀರು ಕೇಳಿದೆ.

ಬಾವರ್ಚಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವನು ಥಟ್ಟನೆ ಎದ್ದು ನಿಂತ. ಅವನ ಕಣ್ಣು ನನ್ನ ಬೆನ್ನ ಹಿಂದೆ ಅಲುಗಿದ ಲಾವಂಚದ ತಟ್ಟಿಯ ಮೇಲಿತ್ತು. ಒದ್ದೆ ತಟ್ಟಿಯ ಗುಣ ಹೀಗಿದೆ: ಹೊರಗಿನವನಿಗೆ ಒಳಗಿರುವುದು ಕಾಣುವುದಿಲ್ಲ, ಒಳಗಿನವನಿಗೆ ಹೊರಗಿರುವುದೆಲ್ಲ ಕಾಣುತ್ತದೆ. ಎರಡು ಬೇಸಿಗೆ ಅದಕ್ಕೆ ನೀರು ಹಾಕಿದ ಶಾಣ್ಯಾನಾದ ನನಗೆ ಇದು ಹೊಳೆದಿರಲಿಲ್ಲ. ತಟ್ಟಿಯ ಒಳಗೆ ಯಾರೋ ಗಂಟಲು ಸರಿಮಾಡಿಕೊಂಡರು. ನನ್ನದಕ್ಕಿಂತ ಚೆನ್ನಾಗಿತ್ತು.

ಸಾಹೇಬರು ನನ್ನನ್ನು ಕರೆಯಲಿಲ್ಲ. ಅಪ್ಪನನ್ನು ಕರೆದರು. ಅಪ್ಪ ಹೋಗಿ ಬಂದು, ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಅವ್ವನಿಗೆ ಹೇಳಿದ: “ಮಿರಗದ ಮಳಿ ಕೂಡೂತನ ನೋಡ್ತಾರಂತ. ಅಷ್ಟರಾಗ ತಾಟಿನ್ಯಾಗ ಕಹಿ ಇಲ್ಲದ ಸಲಾದ ಬರಬೇಕಂತ. ಬರಲಿಲ್ಲಂದ್ರ ಹೈದರಾಬಾದ್‌ನಿಂದ ಬ್ಯಾರೆ ಮಾಲಿನ್ನ ಕರಸ್ತಾರಂತ.”

“ಮತ್ತ ಈ ಖೋಲಿ?” ಎಂದಳು ಅವ್ವ.

“ಖೋಲಿ ಮಾಲೀದು. ನಂದಲ್ಲ.”

ನನ್ನ ಅಣಕದ ಮಾತು ಅವನ ಬಾಯಿಂದ ಬರಲೇ ಇಲ್ಲ. ಸಾಹೇಬರು ಹೇಳಿರಲಿಲ್ಲವೋ, ಹೇಳಿದ್ದನ್ನು ಅಪ್ಪ ಅಲ್ಲೇ ಬಿಟ್ಟು ಬಂದನೋ, ಇವತ್ತಿಗೂ ಗೊತ್ತಿಲ್ಲ. ಅಪ್ಪನ ಜಾಗ ಹೋದರೆ ಅರ್ಧ ಸಲಾದದಿಂದ ಹೋಗುತ್ತದೆ, ಅರ್ಧ ನನ್ನ ಬಾಯಿಯಿಂದ ಎಂಬುದು ಮಾತ್ರ ನನಗೆ ಗೊತ್ತಿತ್ತು. ಮುಂಗಾರಿನ ಮಿರಗ ಮಳೆ ಕೂಡಲು ಮೂರು ತಿಂಗಳೂ ಪೂರ್ತಿ ಇರಲಿಲ್ಲ.

ಅಪ್ಪ ಎರಡು ಸಲ ಬೀಜ ಹಾಕಿದ. ಒಂದೂ ಹುಟ್ಟಲಿಲ್ಲ. ಸಲಾದದ ಬೀಜಕ್ಕೆ ಮಣ್ಣು ಬಿಸಿಯಾಗಿದ್ದರೆ ನಿದ್ದೆ ಬರುತ್ತದೆ. ನನಗೆ ಬರುವಂಥದ್ದೇ, ಆದರೆ ಅದನ್ನು ಒದ್ದು ಎಬ್ಬಿಸುವವರಿಲ್ಲ. ಮೂರನೆಯ ಸಲ ಅವ್ವ ಹೇಳಿದಂತೆ ಬೀಜವನ್ನು ಒದ್ದೆ ಬಟ್ಟೆಯ ಮೇಲೆ ಹರಡಿ, ಕುಡಿಯುವ ನೀರಿನ ಹರವಿಯ ಬುಡದ ಮರಳಿನಲ್ಲಿಟ್ಟೆವು. ಹಗಲೂ ರಾತ್ರಿ ಹರವಿ ಬೆವರಿ ಅಲ್ಲಿ ತಂಪಾಗಿರುತ್ತದೆ. ಮೂರೇ ದಿನಕ್ಕೆ ಬಿಳಿ ಬೇರು ಬಂತು. ಅವನ್ನು ಒಂದೊಂದಾಗಿ ಮಡಿಗೆ ನೆಟ್ಟು, ಮೇಲೆ ತೊಗರಿ ಕಟ್ಟಿಗೆಯ ಚಪ್ಪರ ಹಾಕಿ, ಬೇವಿನ ತೊಪ್ಪಲು ಹೊದಿಸಿ, ದಿನಕ್ಕೆ ಮೂರು ಹೊತ್ತು ನೀರು ಹೊತ್ತೆವು. ಅಂದರೆ, ಹೊತ್ತೆ. ಅಪ್ಪನ ಮೊಣಕಾಲು ಆಗಲೇ ಕಾವಡಿಗೆ ಒಲ್ಲೆ ಎನ್ನುತ್ತಿತ್ತು.

ಯುಗಾದಿಯಾಗಿ ಒಂದು ವಾರಕ್ಕೆ ಸಾಹೇಬರ ದೌರಾ ಹೊರಟಿತು. ಮಳೆಗೆ ಮುಂಚೆ ದೇವದುರ್ಗ, ಮಾನ್ವಿ ಕಡೆಯ ಕೆರೆಗಳ ಏರಿ ನೋಡುವ ಪ್ರಯಾಣ. ಅಪ್ಪನಿಗೊಂದು ಯೋಚನೆ ಬಂತು. ಬಂಗಲೆಯ ಪಡಸಾಲೆಯ ನೆರಳಿನ ಆರು ಕುಂಡಗಳಲ್ಲಿ ಚಳಿಯ ಕೊನೆಗೆ ಬಿತ್ತಿದ ಎಳೆ ಸಲಾದ ಇನ್ನೂ ಎದ್ದಿರಲಿಲ್ಲ. ಅವನ್ನು ಸಾಮಾನಿನ ಬಂಡಿಯಲ್ಲಿಟ್ಟು ನನ್ನನ್ನು ಕಾವಲಿಗೆ ಕಳಿಸಿದ. “ದೇವದುರ್ಗದ ಡೇರೇದಾಗ ಸಾಹೇಬ್ರ ತಾಟಿಗಿ ಹಸರು ಎಲಿ ಬಿದ್ರ ಅವ್ರ ಮನಸ್ಸು ತಿರಗ್ತದ. ಕಣ್ಣಾಗ ಕಣ್ಣಿಟ್ಟು ನೋಡ್ಕೋ. ಮತ್ತ ಬಾಯಿ ಮುಚ್ಕೊಂಡಿರು.”

ಬಾಯಿ ಮುಚ್ಚಿಕೊಂಡೆ. ಗಿಡಗಳಿಗೆ ಆ ಮಾತು ತಿಳಿಯಲಿಲ್ಲ. ದಾರಿಯ ಕಲ್ಮಲ ಊರು ದಾಟುವಾಗ ತಲೆಬಾಗಿ ಕೂತಿದ್ದವು. ಎರಡನೆಯ ದಿನ ನಡುವಿನಲ್ಲಿ ಏನೋ ಮೊಳಕೆಯಂಥದ್ದು ಕಂಡಿತು. ದೇವದುರ್ಗ ಮುಟ್ಟುವ ಹೊತ್ತಿಗೆ ಆರಕ್ಕೆ ಆರೂ ನಾಲ್ಕು ಬೆರಳು ಎದ್ದು, ಊರು ನೋಡಲು ಬಂದವರಂತೆ ಬಂಡಿಯ ಅಂಚಿನಿಂದ ಇಣುಕುತ್ತಿದ್ದವು. ಬಾವಿಯ ಹತ್ತಿರ ಒಬ್ಬ ಮುದುಕ ಬಂಡಿ ನಿಲ್ಲಿಸಿ ಕೇಳಿದ:

“ಯಾವ ದೇವರದೋ ತಮ್ಮಾ ಈ ಗಿಡ? ಬಂಡಿ ಕಟ್ಟಿಸ್ಕೊಂಡು ಬಂದಾವಲ್ಲ.”

“ಇಂಜಿನಿಯರ್ ಸಾಹೇಬ್ರದು.”

“ಪೂಜಿಗಿ ಏನು?”

“ತಿನ್ನಾಕ.”

“ಹಸೇದ?”

“ಹಸೇದ.”

ಮುದುಕ ನನ್ನನ್ನೂ ಗಿಡವನ್ನೂ ಬಹಳ ಹೊತ್ತು ನೋಡಿದ. “ಅಷ್ಟು ಪಗಾರ ತಗೊಂಡು,” ಎಂದು ಮುಂದೆ ಹೋದ.

ಸಂಜೆ ಸಾಹೇಬರು ಡೇರೆಯಿಂದ ಹೊರಬಂದು ಕುಂಡಗಳ ಮುಂದೆ ನಿಂತರು. ನಾನು ಕೈಕಟ್ಟಿ ನಿಂತೆ. ಅವರು ಏನೂ ಹೇಳಲಿಲ್ಲ. ಬೈದಿದ್ದರೆ ಅದನ್ನಾದರೂ ಹಿಡಿದುಕೊಂಡು ಬಂದು ಮನೆಯಲ್ಲಿ ಮಾಡಿ ತೋರಿಸಬಹುದಿತ್ತು. ಸುಮ್ಮನಿರುವುದನ್ನು ಅಣಕಿಸುವುದು ಹೇಗೆ?

ಅಲ್ಲಿಂದ ಜಾಲಹಳ್ಳಿ ಕಡೆಯ ಕೆಲಸ ಮುಗಿಸಿ ದೌರಾ ಮಾನ್ವಿಗೆ ಬಂತು. ಮಾನ್ವಿಯಲ್ಲಿ ಅಪ್ಪನ ತಂಗಿ, ನನ್ನ ಅತ್ತೆ, ಇದ್ದಳು. ಮಧ್ಯಾಹ್ನ ಒಂದು ರೊಟ್ಟಿ ಸಿಕ್ಕೀತೆಂದು ಅವಳ ಮನೆಗೆ ಹೋದೆ.

“ಏನಲೇ ಮಂಗ್ಯಾ, ಈ ಸಲ ಯಾರ ಮಾರಿ ಹೊತ್ಕೊಂಡು ಬಂದಿ?”

“ನಂದೇ ಅತ್ತಿ.”

“ಅದಕ್ಕ ಇಷ್ಟು ಬಾಡ್ಯಾದ. ಹೋಗು, ಕೈಕಾಲು ತೊಳ್ಕೋ.”

ಹಿತ್ತಲಿಗೆ ಹೋದೆ. ಬಚ್ಚಲ ನೀರು ಹರಿದು ನಿಲ್ಲುವಲ್ಲಿ ನುಗ್ಗೆ ಮರದ ಕೆಳಗೆ ಹತ್ತು ಹನ್ನೆರಡು ಸಲಾದ ಕೂತಿದ್ದವು. ಎದ್ದಿರಲಿಲ್ಲ, ಕೂತಿದ್ದವು, ಅಗಲವಾಗಿ, ನೆಲಕ್ಕೆ ಅಂಟಿಕೊಂಡು. ಯುಗಾದಿ ಮುಗಿದ ಬಿಸಿಲಿನಲ್ಲಿ. ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡೆ. ಕಹಿ ಇರಲಿಲ್ಲ. ಕೈಕಾಲು ತೊಳೆಯುವುದನ್ನು ಮರೆತು ಒಳಗೆ ಓಡಿದೆ.

“ಅತ್ತಿ, ಅದು ಎಲ್ಲಿಂದ ಬಂತು?”

“ಯಾವುದು, ಆ ಸೊಪ್ಪು-ತಪ್ಪಲ? ನಿಮ್ಮಪ್ಪ ಕೊಟ್ಟ ಬೀಜನೇ. ಯುದ್ಧ ಸುರು ಆದ ವರ್ಷ ಒಂದು ಹಿಡಿ ಕೊಟ್ಟಿದ್ದ, ದೊಡ್ಡ ಮಂದಿ ತಿಂತಾರ, ನೀವೂ ತಿನ್ರಿ ಅಂತ. ನೀರಿಗಾದ್ರೂ ಒಂದು ರುಚಿ ಅದ, ಇದಕ್ಕ ಅದೂ ಇಲ್ಲ. ಎಮ್ಮಿ ತಿಂತು. ಎಮ್ಮಿಗೇ ಬಿಟ್ಟೆ.”

“ಈ ಬಿಸಲಾಗ ಇನ್ನಾ ಎದ್ದಿಲ್ಲಲ್ಲ?”

“ಎದ್ದದ್ದು ಎದ್ದಂಗ ಕಿತ್ತಿ ಎಮ್ಮಿಗಿ ಹಾಕ್ತೀನಿ. ಎದ್ದದ್ದರಾಗ ಹಾಲು ಜಾಸ್ತಿ ಇರ್ತದ, ತಿಂದ್ರ ಎಮ್ಮಿಗೂ ಹಾಲು ಬರ್ತದ. ಕೊನಿಗಿ ಮೂರೋ ನಾಕೋ ಗಿಡ ಉಳೀತಾವ. ಅವನ್ನ ಬೀಜಕ್ಕ ಬಿಡ್ತೀನಿ.”

“ಮೊದಲ ಎದ್ದದ್ದಕ್ಕ ಅರಿವಿ ಕಟ್ಟೂದಿಲ್ಲ?”

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಹೀರಿಗಿ ಕಟ್ತೀನಿ, ಬದನಿಗಿ ಕಟ್ತೀನಿ. ಎಮ್ಮಿ ತಿನ್ನೂ ತಪ್ಪಲಕ್ಕ ಯಾರರ ಅರಿವಿ ಕಟ್ತಾರೇನಲೇ? ನೋಡಿದವ್ರು ನಗ್ತಾರ.”

ವಾಪಸು ಬರುವ ಬಂಡಿಯಲ್ಲಿ ಅತ್ತೆ ಕೊಟ್ಟ ಬೀಜದ ಗಂಟು ಮಡಿಲಲ್ಲಿಟ್ಟುಕೊಂಡು ನಾನು ಅವಳ ಮಾತನ್ನೇ ತಿರುವಿ ತಿರುವಿ ನೋಡಿದೆ. ಹೀರೆಯಲ್ಲಿ ನಮಗೆ ಬೇಕಾದದ್ದು ಕಾಯಿ. ಬೇಗ ಹೂಬಿಟ್ಟದ್ದು ಒಳ್ಳೆಯದು. ಸಲಾದದಲ್ಲಿ ಬೇಕಾದದ್ದು ಎಲೆ, ಹೂಬಿಡುವುದೆಂದರೆ ಕೆಡುವುದು. ಅಪ್ಪ ಐದು ವರ್ಷ, ಎಲ್ಲಕ್ಕಿಂತ ಬೇಗ ಕೆಟ್ಟ ಗಿಡವನ್ನು ಹುಡುಕಿ, ಅದಕ್ಕೆ ಕೆಂಪು ಅರಿವೆ ಕಟ್ಟಿ, ದೇವರ ಪಕ್ಕದಲ್ಲಿಟ್ಟು ಕಾಪಾಡಿದ್ದ. ಅತ್ತೆ ಅಂಥ ಗಿಡಕ್ಕೆ ಮರ್ಯಾದೆ ಕೊಡಲಿಲ್ಲ, ಅವಳ ಬೀಜ ಉಳಿಯಿತು. ಬಿಸಿಲು ಪಾಪ ಏನೂ ಮಾಡಿರಲಿಲ್ಲ. ಅಂದರೆ, ಪ್ರತಿವರ್ಷ ಮಾಡುವುದನ್ನೇ ಮಾಡಿತ್ತು.

ಇದನ್ನು ಅಪ್ಪನಿಗೆ ಹೇಳಬೇಕು. ಹೇಳುವುದು ಹೇಗೆ? ಖೋಲಿಗೆ ಬಂದಾಗ ಅವನು ಹರವಿಯ ಬುಡದಿಂದ ನೆಟ್ಟ ಮಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಗಿಡಗಳು ಗೇಣುದ್ದ ಆಗುವುದರೊಳಗೆ ದಂಟು ಎಬ್ಬಿಸಿದ್ದವು. ಗಂಟು ಕೊಟ್ಟು ಇಷ್ಟೇ ಹೇಳಿದೆ: “ಅತ್ತಿ ಕೊಟ್ಟಾಳ. ನಿನ್ನ ಬೀಜನೇ ಯಪ್ಪಾ. ಅಲ್ಲಿ ಇನ್ನಾ ಎದ್ದಿಲ್ಲ.”

ಅಪ್ಪ ಬೀಜವನ್ನು ಅಂಗೈಯಲ್ಲಿ ಹಾಕಿಕೊಂಡು ಊದಿ ನೋಡಿದ. ಮುಖ ಅರಳಿತು. “ನನ್ನ ಬೀಜ ಮಾನ್ವ್ಯಾಗ ನಿಂತದ ಅಂದ್ರ ಬೀಜದ್ದೇನೂ ತಪ್ಪಿಲ್ಲ. ಈ ಮಣ್ಣಿಂದೇ ತಪ್ಪು.”

ಹೇಳಬೇಕಾದದ್ದನ್ನು ಹೇಳದೆ ಬಿಟ್ಟರೆ ಆಗುವ ಶಿಕ್ಷೆ ನನಗೆ ಮರುದಿನವೇ ತಿಳಿಯಿತು. ಮಡಿಯ ಮಣ್ಣನ್ನು ಮೊಣಕಾಲು ಆಳ ತೆಗೆದು ಹೊರಗೆ ಹಾಕಬೇಕು, ಕೆರೆಯ ತಳದ ಹೊಸ ಮಣ್ಣು ತಂದು ತುಂಬಬೇಕು. ಕೆರೆ ಅರ್ಧ ಹರದಾರಿ ದೂರ. ಬುಟ್ಟಿ ನನ್ನದು, ತಲೆ ನನ್ನದು. ಮೂರು ದಿನ ಹೊತ್ತೆ. ಪ್ರತಿ ಬುಟ್ಟಿ ಇಳಿಸುವಾಗ ಬಾಯಿ ತೆರೆಯುತ್ತಿದ್ದೆ, ಅಪ್ಪ “ನೀರು ಬೇಕೇನು?” ಎನ್ನುತ್ತಿದ್ದ, ಹೂಂ ಎಂದು ನೀರು ಕುಡಿದು ಮತ್ತೆ ಹೋಗುತ್ತಿದ್ದೆ. ಮಂದಿಯ ಬಾಯಿಂದ ಇಲ್ಲದ ಮಾತನ್ನೂ ಹೊರಡಿಸುವ ನನಗೆ ನನ್ನ ಬಾಯಿಂದ ಇರುವ ಮಾತೊಂದು ಹೊರಡಲಿಲ್ಲ.

ಅತ್ತೆಯ ಬೀಜ ಹರವಿಯ ಬುಡದಲ್ಲಿ ಬೇರು ಬಿಟ್ಟು ಹೊಸ ಮಣ್ಣಿಗೆ ಇಳಿಯಿತು. ಬಂಗಲೆಯವರು ಎಸೆದ ಹಳೆ ಲಾವಂಚದ ತಟ್ಟಿಗಳನ್ನು ಪಡುವಣ ಬಿಸಿಲಿಗೆ ಅಡ್ಡ ಕಟ್ಟಿದೆವು. ಈಗ ಎರಡು ಕಡೆ ತಟ್ಟಿ ನೆನೆಸಬೇಕು: ಅಲ್ಲಿ ಸಾಹೇಬರಿಗೆ, ಇಲ್ಲಿ ಸಲಾದಕ್ಕೆ. ಇಬ್ಬರದೂ ಒಂದೇ ತಕರಾರು. ತುಸು ಒಣಗಿದರೆ ಇಬ್ಬರೂ ತಲೆ ಎತ್ತುತ್ತಿದ್ದರು. ಬಾವಿಯ ನೀರು ಇಳಿಯುತ್ತಾ ಹೋಯಿತು, ಹಗ್ಗಕ್ಕೆ ಹಗ್ಗ ಗಂಟು ಹಾಕಿದೆವು. ಕಾವಡಿಯ ಕೆಳಗೆ ಮಡಚಿದ ಗೋಣಿ ಇಟ್ಟುಕೊಂಡೆ. ಆ ಗೋಣಿಯೂ ಸವೆಯಿತು. ಉಣ್ಣುವಾಗ ತುತ್ತು ಕೈಯಲ್ಲಿ ಹಿಡಿದೇ ನಿದ್ದೆ ಹೋಗುತ್ತಿದ್ದೆ. ಬಾವರ್ಚಿ ಹೇಳುತ್ತಿದ್ದ: “ಅರೆ, ಎಷ್ಟು ದಿನ ಆಯ್ತು, ನೀನು ಯಾರ್ದೂ ನಕಲ್ ಮಾಡಿಲ್ಲ. ಬಿಮಾರ್ ಏನು?” ನಕಲಿಗೂ ಕಸುವು ಬೇಕು. ಇದ್ದದ್ದೆಲ್ಲ ನೀರಿನ ಜೊತೆ ಮಡಿಗೆ ಹೋಗುತ್ತಿತ್ತು.

ಸಲಾದ ಕೂತಿತು. ರೋಹಿಣಿ ನಕ್ಷತ್ರದ ಬಿಸಿಲು, ಊರಿನ ಕೋಟೆಯ ಕಲ್ಲು ಸಂಜೆಯಾದರೂ ಕೈ ಸುಡುತ್ತಿದ್ದ ದಿನಗಳು. ಸಲಾದ ಎಲೆ ಅಗಲಿಸಿಕೊಂಡು ಕೂತೇ ಇತ್ತು. ಅಪ್ಪ ದಿನಕ್ಕೆ ಹತ್ತು ಸಲ ತಟ್ಟಿ ಸರಿಸಿ ನೋಡುತ್ತಿದ್ದ. ಮಿರಗಕ್ಕೆ ಹತ್ತು ದಿನವಿದೆ ಎನ್ನುವಾಗ ಮೂಲೆಯ ಒಂದು ಗಿಡದಲ್ಲಿ ದಂಟು ಕಂಡಿತು. ಒಂದೇ ಗಿಡ. ಅವತ್ತು ಮಧ್ಯಾಹ್ನ ನಾನು ಕಾವಡಿ ಇಳಿಸುವಾಗ ನೋಡಿದರೆ, ಅಪ್ಪ ಅದಕ್ಕೆ ಕೆಂಪು ಅರಿವೆ ಕಟ್ಟಿ ಗಂಟು ಬಿಗಿಯುತ್ತಿದ್ದ.

ಅಷ್ಟು ನೀರು, ಅಷ್ಟು ಮಣ್ಣು ಹೊತ್ತು ಬಂದಲ್ಲಿಗೇ ಬಂದೆವು. ಈ ವರ್ಷ ಜಾಗ ಉಳಿದೀತು, ಮುಂದಿನ ವರ್ಷ? ಅದರ ಮುಂದಿನ ವರ್ಷ? ಹೇಳಲು ನನ್ನ ಬಾಯಿ ಬರಲಿಲ್ಲ. ಅತ್ತೆಯ ಬಾಯಿ ಬಂತು. ಸೊಂಟಕ್ಕೆ ಕೈಯಿಟ್ಟು, ಕತ್ತು ಒಂದು ಕಡೆ ಓರೆ ಮಾಡಿ, ಅವಳ ಮೂಗಿನ ಧ್ವನಿಯಲ್ಲಿ ಶುರುಮಾಡಿದೆ:

“ಏನೋ ಅಣ್ಣಾ, ಎಮ್ಮಿ ತಿನ್ನೂ ತಪ್ಪಲಕ್ಕ ಅರಿವಿ ಕಟ್ಟಾಕತ್ತೀದಿ? ನೋಡಿದವ್ರು ನಗ್ತಾರ.”

ಅಪ್ಪ ತಲೆ ಎತ್ತಿ ನೋಡಿ ನಕ್ಕುಬಿಟ್ಟ. ಎರಡು ತಿಂಗಳಿಂದ ನಗದವನು. “ಥೇಟ್ ಆಕೀನೇ. ಇನ್ನೊಂದಿಷ್ಟು ಮೂಗಿನಾಗ ಬರಬೇಕು.”

ಇನ್ನೊಂದಿಷ್ಟು ಮೂಗಿನಲ್ಲಿ ಹೇಳಿದೆ: “ಎದ್ದದ್ದು ಎದ್ದಂಗ ಕಿತ್ತಿ ಎಮ್ಮಿಗಿ ಹಾಕ್ತೀನಿ. ಕೊನಿಗಿ ಉಳದದ್ದು ಮೂರೋ ನಾಕೋ, ಅವನ್ನ ಬೀಜಕ್ಕ ಬಿಡ್ತೀನಿ.”

ಅಪ್ಪ ಇನ್ನೂ ನಗುತ್ತಿದ್ದ. ನಗು ಮುಖದ ಮೇಲೆ ಹಾಗೆಯೇ ಉಳಿದು, ಕಣ್ಣಿನಿಂದ ಮೊದಲು ಹೋಯಿತು.

“ಆಕಿ ಅರಿವಿ ಕಟ್ಟೂದಿಲ್ಲೇನು?”

“ಇಲ್ಲ.” ಇದು ನನ್ನ ಧ್ವನಿ. ಬಹಳ ಸಣ್ಣದಾಗಿ ಬಂತು.

“ಎಂದೂ?”

“ಎಂದೂ ಇಲ್ಲ.”

“ಮೊದಲ ಎದ್ದದ್ದು ಎಮ್ಮಿಗಿ.”

“ಹೂಂ.”

“ಕೊನಿಗಿ ಎದ್ದದ್ದು ಬೀಜಕ್ಕ.”

“ಹೂಂ ಯಪ್ಪಾ.”

ಅಪ್ಪ ಮಡಿಯ ಅಂಚಿನಲ್ಲಿ ಕೂತ. ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದ. ಒಂದು, ಎರಡು, ಐದು ಗೆರೆ. ಹೋಳಿ, ಹೋಳಿಗಿಂತ ಮೊದಲು, ಶಿವರಾತ್ರಿ, ಸಂಕ್ರಾಂತಿ ಎಂದು ತನಗೆ ತಾನೇ ಹೇಳಿಕೊಂಡ. ಸಾಹೇಬರು, ಬಿಸಿಲು, ಮಣ್ಣು ಯಾವುದನ್ನೂ ಬೈಯಲಿಲ್ಲ.

“ಯಾವಾಗ ತಿಳೀತು ನಿನಗ?”

“ಮಾನ್ವಿಯಿಂದ ಬರೂವಾಗ.”

“ಮಣ್ಣು ಹೊರೂಕಿಂತ ಮೊದಲೇ?”

“ಮೊದಲೇ.”

ನನ್ನನ್ನು ನೋಡಿದ. “ಮತ್ತ ಯಾಕಲೇ ಹೊತ್ತಿ?”

ನಾನು ಖಾಲಿ ಡಬ್ಬಿಗಳನ್ನು ಕಾವಡಿಗೆ ಸಿಕ್ಕಿಸತೊಡಗಿದೆ. ಅವನು ಎದ್ದು, ಮೊಣಕಾಲು ಹಿಡಿದುಕೊಂಡು ಬಾವಿಯ ಕಡೆಗೆ ಹೋದ.

ಎರಡು ದಿನ ಅಪ್ಪ ನನ್ನ ಕಡೆ ಬೆನ್ನು ಹಾಕಿಯೇ ಕೆಲಸ ಮಾಡಿದ. ಅವ್ವ ನನ್ನನ್ನು ಕೇಳಿದಳು, “ಏನ್ ಅಂದಿಯೋ ಅವಗ?” ಹೇಳಿದೆ. ಅವಳು ಸೆರಗಿನ ಅಂಚನ್ನು ನೋಡಿಕೊಂಡಳು, ಆ ಕೆಂಪು ಚೂರುಗಳೆಲ್ಲ ಅವಳ ಸೀರೆಯವೇ. ಮೂರನೆಯ ದಿನ ಮುಂಜಾನೆ ಅಪ್ಪ ಮಡಿಗೆ ಇಳಿದು, ಅರಿವೆ ಬಿಚ್ಚಿ ಮಡಚಿ ಅವ್ವನ ಕೈಗೆ ಕೊಟ್ಟ. ಆ ಗಿಡವನ್ನು ಬೇರುಸಮೇತ ಕಿತ್ತ.

“ಬೀಜದ ಗಿಡ ಅದು,” ಎಂದಳು ಅವ್ವ, ಒಂದು ಹೆಜ್ಜೆ ಹಿಂದೆ ಸರಿದು.

“ಅಲ್ಲ. ತಪ್ಪಲ,” ಎಂದ ಅಪ್ಪ. ಬಾವರ್ಚಿಯ ಆಡಿನ ಮುಂದೆ ಹಾಕಿ ಬಂದ. ಆಮೇಲೆ ಗೋಡೆಯ ಗೂಡಿನಿಂದ ತನ್ನ ಕುಡಿಕೆ ತೆಗೆದು, ಐದು ವರ್ಷದ ಬೀಜವನ್ನು ಬಾವಿಯ ಆಚೆಯ ತಿಪ್ಪೆಗೆ ಸುರಿದ. ಸುರಿದ ಮೇಲೂ ಕುಡಿಕೆಯನ್ನು ಬಡಿದು ಬಡಿದು ನೋಡಿದ, ಒಂದು ಕಾಳೂ ಉಳಿಯದಂತೆ. ನಾನು ಅಲ್ಲಿ ನಿಲ್ಲಲಾರದೆ ಕಾವಡಿ ಎತ್ತಿಕೊಂಡೆ. ನೀರಿನ ಹೊತ್ತು ಆಗಿರಲಿಲ್ಲ.

ಅವತ್ತೇ ಮಧ್ಯಾಹ್ನ ಮಡಿಯಿಂದ ಎಲೆ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಒಳಗೆ ಕಳಿಸಿದೆವು. ಬಾವರ್ಚಿ ಬರುವುದನ್ನು ಕಾಯುತ್ತಾ ಅಪ್ಪ ಕಟ್ಟೆಯ ಮೇಲೆ, ನಾನು ತಟ್ಟಿಯ ಹತ್ತಿರ. ಒಳಗೆ ಗಂಟಲು ಸರಿಮಾಡಿಕೊಂಡ ಸದ್ದು. ಬಹಳ ಹೊತ್ತಿನ ಮೇಲೆ ಬಾವರ್ಚಿ ಖಾಲಿ ತಾಟು ಹಿಡಿದು ಬಂದ. “ಪೂರಾ ತಿಂದ್ರು. ಮಾಲಿನ್ನ ಕರಿ ಅಂದ್ರು.”

ಅಪ್ಪ ರುಮಾಲು ಸುತ್ತಿಕೊಂಡು ಹೋದ. ತಟ್ಟಿಗೆ ನೀರು ಹಾಕುವ ನೆಪದಲ್ಲಿ ನಾನು ಬಾಗಿಲಿಗೆ ಕಿವಿ ಕೊಟ್ಟೆ. ಸಾಹೇಬರು ಉರ್ದುವಿನಲ್ಲಿ, ಇಂಥ ಬಿಸಿಲಿನಲ್ಲಿ ಇಂಥ ಎಲೆ ತಾನು ಎಲ್ಲೂ ಕಂಡಿಲ್ಲ, ನಿನ್ನ ಕೈ ಒಳ್ಳೆಯದು, ಬೀಜ ಒಳ್ಳೆಯದು ಎಂದರು. ಅಷ್ಟಕ್ಕೆ ಸಲಾಮು ಹೊಡೆದು ಬಂದಿದ್ದರೆ ಮುಗಿದುಹೋಗುತ್ತಿತ್ತು. ಅಪ್ಪ ನಿಂತ.

“ಬೀಜ ನನ್ನದಲ್ಲ ಹುಜೂರ್. ನನ್ನ ಬೀಜ ಕೆಟ್ಟಿತ್ತು. ನಾನೇ ಕೆಡಿಸಿದ್ದೆ. ಇದು ಮಾನ್ವಿಯ ನನ್ನ ತಂಗಿಯದು.”

ನನ್ನ ಕೈಯಲ್ಲಿದ್ದ ತಂಬಿಗೆ ನಿಂತಿತು. ಹೈದರಾಬಾದಿನ ಮಾಲಿ ರೈಲು ಹತ್ತಿದ್ದು ನನ್ನ ಕಣ್ಣಿಗೆ ಕಂಡಿತು. ಒಳಗೆ ಸಾಹೇಬರು ಕುರ್ಚಿ ಸರಿಸಿದರು. ಆಮೇಲೆ, “ಹೇಗೆ ಕೆಡಿಸಿದೆ?” ಎಂದು ಕೇಳಿದರು. ಅಪ್ಪ ಹೇಳಿದ. ಅರಿವೆಯನ್ನೂ ಹೇಳಿದ, ಎಮ್ಮೆಯನ್ನೂ ಹೇಳಿದ, ಏನನ್ನೂ ಬಿಡಲಿಲ್ಲ. ಎಮ್ಮೆ ತಿನ್ನುವ ತಪ್ಪಲ ಎನ್ನುವಾಗ ಮಾತ್ರ ಒಂದು ಗಳಿಗೆ ತಡವರಿಸಿದ. ಸಾಹೇಬರು ನಗಲಿಲ್ಲ. “ಇದು ಗೊತ್ತಿರುವ ಮಾಲಿ ನನಗೆ ಹೈದರಾಬಾದಿನಲ್ಲಿ ಸಿಗುವುದಿಲ್ಲ. ತಂಗಿಯಿಂದ ಇನ್ನಷ್ಟು ಬೀಜ ತರಿಸು. ಮುಂದಿನ ಬೇಸಿಗೆಗೆ ಮೂರು ಮಡಿ ಮಾಡು,” ಎಂದರು.

“ಆಗಲಿ ಹುಜೂರ್,” ಎಂದ ಅಪ್ಪ.

ಮಿರಗ ಎರಡು ದಿನ ತಡವಾಗಿ ಕೂಡಿತು. ಮೊದಲ ಮಳೆ ಧೂಳು ಎಬ್ಬಿಸಿ, ನಾಲ್ಕು ಹನಿ ಹಾಕಿ, ಆಮೇಲೆ ಸರಿಯಾಗಿ ಬಿತ್ತು. ಆ ಮಧ್ಯಾಹ್ನ ನೀರು ಹೊರುವ ಕೆಲಸವಿರಲಿಲ್ಲ. ಖೋಲಿಯ ಬಾಗಿಲಲ್ಲಿ ಅಪ್ಪ ಬೋರಲಾಗಿ ಮಲಗಿದ್ದ, ನಾನು ಅವನ ಬೆನ್ನು ಒತ್ತುತ್ತಿದ್ದೆ. ನನ್ನ ತೋಳಿನಲ್ಲೂ ಏನೂ ಉಳಿದಿರಲಿಲ್ಲ. ಒತ್ತುವುದಕ್ಕಿಂತ ಒರಗಿದ್ದೇ ಹೆಚ್ಚು.

“ಯಪ್ಪಾ, ಒಂದು ಮಡಿಗೇ ಸತ್ತು ಬದುಕೀವಿ. ಮೂರು ಮಡಿ ಯಾಕ ಒಪ್ಪಿದಿ? ನೀರು ಯಾರು ಹೊರಬೇಕು?”

ಅಪ್ಪ ಮುಖವನ್ನು ಮಳೆಯ ಕಡೆಗೆ ತಿರುಗಿಸಿದ.

“ಖೋಲಿ ಉಳೀತಲ್ಲ,” ಎಂದ. “ಅಲ್ಲಿ ಅಲ್ಲ, ಸ್ವಲ್ಪ ಕೆಳಗ ಒತ್ತು.”